ಭಾವ ‘ಒಂದು ನೋಟ್ರಂಪ್’ ಎಂದಾಗ

ಇಸ್ಪೀಟಿನಲ್ಲಿ ನಾನು ಪಳಗಿದ್ದು ಇಪ್ಪತ್ತೆಂಟರ ಆಟದಲ್ಲಿ. ಅಲ್ಲಿ ಗುಲಾಮನೇ ದೊಡ್ಡವನು, ಮೂರು ಅಂಕದವನು. ರಾಜ ರಾಣಿಯರಿಗೆ ಸೊನ್ನೆ. ಕೂಗುವುದೂ ನನ್ನ ಕೈ ನೋಡಿಕೊಂಡು, ನನ್ನ ಧೈರ್ಯದ ಮೇಲೆ. ನಿವೃತ್ತಿಯ ಬಳಿಕ ಭಾವ ನನ್ನನ್ನು ಬ್ರಿಜ್ ಮೇಜಿಗೆ ಎಳೆದು ತಂದರು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕ ಒಂದು ವಾರದಲ್ಲಿ ರೂಢಿಯಾಯಿತು. ಜೊತೆಗಾರನ ಕೂಗಿಗೆ ಉತ್ತರ ಕೊಡುವುದು ರೂಢಿಯಾಗಲು ವರ್ಷವೇ ಬೇಕಾಯಿತು.

ಮೊದಲ ಪಾಠ ಕಲಿಸಿದ ಕೈ ಇನ್ನೂ ನೆನಪಿದೆ. ಭಾವ ‘ಒಂದು ನೋಟ್ರಂಪ್’ (ತುರುಫಿಲ್ಲದ ಆಟ) ಎಂದರು. ಅಂದರೆ ನಾಲ್ಕೂ ಬಣ್ಣ ಹೆಚ್ಚು ಕಡಿಮೆ ಸಮವಾಗಿ ಹಂಚಿಕೊಂಡ, 15ರಿಂದ 17 ಅಂಕಗಳ ಕೈ. ನನ್ನಲ್ಲಿ ರಾಣಿ, ಹತ್ತು, ಒಂಬತ್ತು ಸೇರಿದಂತೆ ಇಸ್ಪೀಟು ಬಣ್ಣದ (ಸ್ಪೇಡ್) ಆರು ಎಲೆ; ಉಳಿದದ್ದೆಲ್ಲ ಕಸ. ಎರಡೇ ಅಂಕ ಎಂದು ಪಾಸ್ ಹೇಳಿದೆ. ಭಾವನ ಬಳಿ ಇಸ್ಪೀಟು ಎರಡೇ ಇತ್ತು, ರಾಜ ಮತ್ತು ಒಂದು ಪುಡಿ ಎಲೆ. ರಾಜನನ್ನು ಆಡಿದಾಗ ಎದುರಾಳಿ ಎಕ್ಕವನ್ನು ಬಿಗಿಹಿಡಿದು ಕುಳಿತರು, ಎರಡನೆಯ ಸುತ್ತಿಗೆ ಹಾಕಿದರು. ಆಮೇಲೆ ಭಾವನ ಕೈಯಲ್ಲಿ ಇಸ್ಪೀಟಿಲ್ಲ, ನನ್ನ ಕೈಗೆ ಬರಲು ಬೇರೆ ದಾರಿಯಿಲ್ಲ. ಡಮ್ಮಿಯೆಂದು, ಅಂದರೆ ಆಡುವವರ ಜೊತೆಗಾರನ ಕೈಯೆಂದು, ಮೇಜಿನ ಮೇಲೆ ಹರಡಿಟ್ಟ ನನ್ನ ನಾಲ್ಕು ಇಸ್ಪೀಟು ಕೊನೆಯವರೆಗೂ ನೋಡುತ್ತಾ ಕುಳಿತವು. ಏಳು ಪಟ್ಟು (ಗೆದ್ದ ಸುತ್ತು) ಬೇಕಿದ್ದಲ್ಲಿ ಬಂದದ್ದು ಐದು. ನೂರು ಅಂಕ ಹೋಯಿತು. ಅದೇ ಎಲೆಗಳನ್ನು ಪಕ್ಕದ ಮೇಜಿನಲ್ಲಿ ‘ಎರಡು ಇಸ್ಪೀಟು’ ಕೂಗಿ ಆಡಿದವರು ಎಂಟು ಪಟ್ಟು ತೆಗೆದು 110 ಗಳಿಸಿದ್ದರು.

“ನಿನ್ನ ಕೈ ಇಸ್ಪೀಟು ತುರುಫಾದರೆ ಮಾತ್ರ ಜೀವಂತ. ಅದನ್ನು ನನಗೆ ಹೇಳುವವರು ಯಾರು?” ಎಂದರು ಭಾವ. “ಎರಡು ಅಂಕ ಇಟ್ಟುಕೊಂಡು ಏನು ಹೇಳಲಿ ಭಾವ, ನೀವೇ ಹೇಳಿ” ಎಂದೆ. ಅಂದು ಸಂಜೆಯೇ ಟ್ರಾನ್ಸ್‌ಫರ್ ಕಲಿಸಿದರು. ನನ್ನಲ್ಲಿ ಐದು ಅಥವಾ ಹೆಚ್ಚು ಆಟೀನು ಇದ್ದರೆ ‘ಎರಡು ಡೈಮಂಡು’ ಕೂಗಬೇಕು, ಇಸ್ಪೀಟು ಇದ್ದರೆ ‘ಎರಡು ಆಟೀನು’. ಬೇಕಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಭಾವ ಮರುಮಾತಿಲ್ಲದೆ ಮೇಲಿನ ಬಣ್ಣಕ್ಕೆ ಹೋಗುತ್ತಾರೆ.

ಸುತ್ತುಬಳಸು ಯಾಕೆ ಎಂದು ನನಗೂ ಅನ್ನಿಸಿತ್ತು. ಬಣ್ಣವನ್ನು ಮೊದಲು ಹೆಸರಿಸಿದವರೇ ಆಟ ಆಡುವವರು. ನಾನು ಹೆಸರಿಸಿದರೆ ಭಾವನ ರಾಜರೆಲ್ಲ ಡಮ್ಮಿಯಾಗಿ ಬಯಲಿಗೆ ಬೀಳುತ್ತಾರೆ. ಅವರು ಹೆಸರಿಸಿದರೆ ನನ್ನ ಕಸ ಬಯಲಿಗೆ, ಅವರ ಕೈ ಗುಟ್ಟು. ಮೊದಲ ಎಲೆ ಎಸೆಯುವವರು ಅವರ ಎಡಗಡೆಯವರಾದ್ದರಿಂದ ಆ ಸುತ್ತಿನಲ್ಲಿ ಕೊನೆಯ ಎಲೆಯೂ ಅವರದೇ. ಇನ್ನೂ ದೊಡ್ಡ ಲಾಭವೆಂದರೆ ನನಗೆ ಎರಡನೆಯ ಸಲ ಬಾಯಿ ತೆರೆಯುವ ಅವಕಾಶ. ಬಡ ಕೈಯಾದರೆ ಪಾಸ್. ಐದೇ ಎಲೆ, ಎಂಟೊಂಬತ್ತು ಅಂಕವಾದರೆ ‘ಎರಡು ನೋಟ್ರಂಪ್’, ಕೈ ಚೆನ್ನಾಗಿದ್ದರೆ ಮೇಲೆ ಹೋಗಿ ಎಂಬ ಆಹ್ವಾನ. ಐದೇ ಎಲೆ, ಹತ್ತು ಅಥವಾ ಹೆಚ್ಚು ಅಂಕವಾದರೆ ‘ಮೂರು ನೋಟ್ರಂಪ್’ ಎಂದು ಆಯ್ಕೆ ಅವರಿಗೆ ಬಿಡುವುದು. ಆರು ಎಲೆಯೂ ಹತ್ತು ಅಂಕವೂ ಇದ್ದರೆ ನೇರವಾಗಿ ನಾಲ್ಕಕ್ಕೆ.

ಸ್ಟೇಮನ್ ಪದ್ಧತಿ ಇದರಷ್ಟು ಕಾಡಲಿಲ್ಲ. ಆಟೀನಿನಲ್ಲೋ ಇಸ್ಪೀಟಿನಲ್ಲೋ ನಾಲ್ಕೇ ಎಲೆ ಇದ್ದಾಗ ‘ಎರಡು ಕಳಾವರು’ ಎಂದು ಕೇಳುವುದು, ‘ನಿಮ್ಮಲ್ಲೂ ನಾಲ್ಕಿದೆಯೇ?’ ಎಂದು. ಇಲ್ಲವಾದರೆ ‘ಎರಡು ಡೈಮಂಡು’ ಎಂಬ ಉತ್ತರ. ಇದನ್ನು ರೂಪಿಸಿದ್ದು ಜಾರ್ಜ್ ರಪೀ. 1945ರಲ್ಲಿ ಅದರ ಬಗ್ಗೆ ಲೇಖನ ಬರೆದ ಅವರ ಜೊತೆಗಾರ ಸ್ಯಾಮ್ಯುಯೆಲ್ ಸ್ಟೇಮನ್ ಹೆಸರು ಉಳಿಯಿತು. ಭಾವ ನನ್ನ ಒಳ್ಳೆಯ ಕೂಗುಗಳನ್ನು ತಮ್ಮವೆಂದು ವರ್ಣಿಸುವಾಗ ರಪೀಯನ್ನು ನೆನೆಯುತ್ತೇನೆ.

ಪುಸ್ತಕದ ಪಟ್ಟಿಗಳನ್ನು ಉರುಹೊಡೆದದ್ದು ಉಪಯೋಗಕ್ಕೆ ಬರಲಿಲ್ಲ. ಬಂದದ್ದು ಅಡುಗೆಮನೆ ಮೇಜಿನ ಅಭ್ಯಾಸ. ಕಟ್ಟಿನಿಂದ 16 ಅಂಕದ ಸಮತೂಕದ ಕೈಯೊಂದನ್ನು ಆರಿಸಿ ಭಾವನ ಹೆಸರಿನಲ್ಲಿ ಪಕ್ಕಕ್ಕಿಡುವುದು. ಉಳಿದ 39 ಎಲೆ ಕಲಸಿ ಮೂರು ಪಾಲು ಮಾಡಿ, ಒಂದನ್ನು ಎತ್ತಿ ನನ್ನ ಉತ್ತರವನ್ನು ಗಟ್ಟಿಯಾಗಿ ಹೇಳುವುದು. ದಿನಕ್ಕೆ ಇಪ್ಪತ್ತು ಕೈ. ಕಟ್ಟಿನಲ್ಲಿರುವುದೇ ನಲವತ್ತು ಅಂಕ. 16 ಕಳೆದರೆ 24, ಮೂವರಿಗೆ ಸರಾಸರಿ ಎಂಟೆಂಟು. ಅಂದರೆ ನನ್ನ ಕೈ ಪಾಸ್ ಮತ್ತು ಆಹ್ವಾನಗಳ ಗಡಿಯಲ್ಲೇ ಮತ್ತೆ ಮತ್ತೆ ಬಂದು ಬೀಳುತ್ತಿತ್ತು. ನಾನು ಎಡವುತ್ತಿದ್ದದ್ದೂ ಅಲ್ಲೇ: ಇಬ್ಬರದೂ ಸೇರಿ 25ರ ಆಸುಪಾಸು ಇಲ್ಲದೆ ‘ಮೂರು ನೋಟ್ರಂಪ್’ಗೆ ಬೇಕಾದ ಒಂಬತ್ತು ಪಟ್ಟು ಹುಟ್ಟುವುದು ಕಷ್ಟ ಎಂಬುದು ಗೊತ್ತಿದ್ದೂ, ಏಳು ಅಂಕಕ್ಕೇ ಇಪ್ಪತ್ತೆಂಟರ ಹಳೆಯ ಚಪಲ ಎದ್ದು ಆಹ್ವಾನ ಕಳಿಸಿಬಿಡುತ್ತಿದ್ದೆ.

ಇಷ್ಟೆಲ್ಲ ಆದ ಮೇಲೂ ಒಂದು ಭಾನುವಾರ ಮಾನ ಹೋಯಿತು. ನನ್ನಲ್ಲಿ ಆರು ಡೈಮಂಡು, ಎರಡು ಆಟೀನು, ಬಡ ಕೈ. ಊಟದ ನಂತರದ ಮಂಪರಿನಲ್ಲಿ, ಇಲ್ಲಿಗೇ ನಿಲ್ಲಿಸೋಣ ಎಂಬ ಅರ್ಥದಲ್ಲಿ ‘ಎರಡು ಡೈಮಂಡು’ ಚೀಟಿ ಇಟ್ಟೆ. ಈ ಕೂಗಿಗೆ ಬೇರೆ ಅರ್ಥವಿದೆ ಎನ್ನುವ ಎಚ್ಚರಿಕೆಯ ಚೀಟಿಯನ್ನು ಭಾವ ತೋರಿಸಿದರು. ಎದುರಾಳಿ ಅರ್ಥ ಕೇಳಿದಾಗ, “ಐದು ಅಥವಾ ಹೆಚ್ಚು ಆಟೀನು” ಎಂದರು. ಬೆವರು ಬಂತು. ಆದರೆ ಜೊತೆಗಾರನ ವಿವರಣೆಯಿಂದ ನನಗೆ ಸಿಕ್ಕ ತಿಳಿವಳಿಕೆಯನ್ನು ನಾನು ಬಳಸುವಂತಿಲ್ಲ. ಅದು ಬ್ರಿಜ್‌ನ ಕಾನೂನು. ಭಾವ ‘ಎರಡು ಆಟೀನು’ ಎಂದಾಗ, ಅವರೇ ಸ್ವಂತ ಇಚ್ಛೆಯಿಂದ ಒಳ್ಳೆಯ ಆಟೀನು ತೋರಿಸುತ್ತಿದ್ದಾರೆ ಎಂದು ನಂಬಿದವನಂತೆಯೇ ನಡೆದುಕೊಳ್ಳಬೇಕು. ‘ಮೂರು ಡೈಮಂಡು’ ಎಂದು ಜಾರಿಕೊಳ್ಳಲು ಕೈ ತುರಿಸುತ್ತಿತ್ತು. ಪಾಸ್ ಚೀಟಿ ಇಟ್ಟೆ. ಅವರಲ್ಲಿ ಮೂರು, ನನ್ನಲ್ಲಿ ಎರಡು. ಎದುರಾಳಿಗಳಲ್ಲಿ ಎಂಟು ತುರುಫು. ನಾಲ್ಕು ಪಟ್ಟು ಕಡಿಮೆ ಬಿತ್ತು. ನನ್ನ ಡಮ್ಮಿ ನೋಡಿ ಭಾವ ಕನ್ನಡಕ ತೆಗೆದು ಒರೆಸಿಕೊಂಡರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗ ನಮ್ಮ ಒಪ್ಪಂದಗಳು ಒಂದು ಅರ್ಧ ಹಾಳೆಯಲ್ಲಿವೆ. ಎದುರಾಳಿ ನಡುವೆ ‘ಡಬಲ್’ ಎಂದು ಕೂಗಿದರೆ ಸ್ಟೇಮನ್, ಟ್ರಾನ್ಸ್‌ಫರ್ ಹಾಗೆಯೇ. ಯಾವುದಾದರೂ ಬಣ್ಣ ಕೂಗಿದರೆ ಎರಡೂ ರದ್ದು, ಇದ್ದದ್ದನ್ನು ಇದ್ದಂತೆ ಹೇಳುವುದು. ಆ ಜಾಗಕ್ಕೆ ಲೆಬೆನ್‌ಸೋಲ್ ಎಂಬ ಇನ್ನೊಂದು ಪದ್ಧತಿ ಸೇರಿಸೋಣ ಎಂದು ಭಾವ ಮೂರು ಪುಟ ಬರೆದುಕೊಟ್ಟಿದ್ದಾರೆ. ಆರು ತಿಂಗಳು ಏನನ್ನೂ ಮರೆಯದೆ ಆಡಿದರೆ ಓದುತ್ತೇನೆ ಎಂದಿದ್ದೇನೆ. ಪುಟಗಳು ಕಾಫಿಪುಡಿ ಡಬ್ಬಿಯ ಕೆಳಗಿವೆ.