ಹಳೇ ಲ್ಯಾಪ್‌ಟಾಪಿನಲ್ಲಿ ಬಿಟ್‌ಕಾಯಿನ್ ನೋಡ್ ನಡೆಸೋದು ಹೇಗೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಕೌಂಟರ್ ಹಿಂದೆ ಒಂದು ಹಳೇ ಲ್ಯಾಪ್‌ಟಾಪ್ ಹಗಲು ರಾತ್ರಿ ಚಾಲೂ ಇರುತ್ತದೆ. ಅದು ಬಿಟ್‌ಕಾಯಿನ್ ನೋಡ್, ಅಂದರೆ ಆ ಡಿಜಿಟಲ್ ಹಣದ ಲೆಕ್ಕ ತಪಾಸಣೆ ಮಾಡುವ ಕಂಪ್ಯೂಟರ್, ಅಂತ ಗೊತ್ತಾದ ಕೂಡಲೇ ವಿದ್ಯಾನಗರ ಕಡೆಯ ಇಂಜಿನಿಯರಿಂಗ್ ಹುಡುಗರು ಕೇಳೋದು ಒಂದೇ ಮಾತು: "ಸರ, ತಿಂಗಳಿಗೆ ಎಷ್ಟ ಬರ್ತೈತ್ರಿ?"

ಏನೂ ಬರೋದಿಲ್ಲ. ಹೊಸ ಬಿಟ್‌ಕಾಯಿನ್ ಸಿಗೋದು ಮೈನಿಂಗ್ ಮಾಡುವವರಿಗೆ, ಅಂದರೆ ಲೆಕ್ಕಕ್ಕೆ ಹೊಸ ಪುಟ ಕಟ್ಟುವವರಿಗೆ. ಅದರ ಯಂತ್ರವೇ ಬೇರೆ, ಕರೆಂಟ್ ಬಿಲ್ಲೂ ಬೇರೆ. ನೋಡ್ ಮಾಡೋದು ಬರೀ ತಪಾಸಣೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ದಲಾಲರ ಕಿರ್ದಿ ದಲಾಲರ ಹತ್ತಿರ, ಖರೀದಿದಾರರದು ಅವರ ಹತ್ತಿರ; ತಾಳೆ ಆಗದಿದ್ದರೆ ಜಗಳ. ಇಲ್ಲಿ ಎಲ್ಲರ ಕೈಯಲ್ಲೂ ಅದೇ ಕಿರ್ದಿ ಇರುತ್ತದೆ. ಹೊಸ ಪುಟ (ಅದಕ್ಕೇ ಬ್ಲಾಕ್ ಅನ್ನೋದು) ಬಂದರೆ ಪ್ರತಿಯೊಬ್ಬನೂ ತಾನೇ ಲೆಕ್ಕ ಹಾಕಿ ನೋಡಿ, ಸರಿ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತಾನೆ.

ಮೊದಲು ಸಾಮಾನು. ಹಳೇ ಲ್ಯಾಪ್‌ಟಾಪ್ ಸಾಕು, ಆದರೆ ಬ್ಯಾಟರಿ ಸ್ವಲ್ಪವಾದರೂ ನಿಲ್ಲಬೇಕು. 8 ಜಿಬಿ ರ‍್ಯಾಮ್ ಇದ್ದರೆ ಆರಾಮ. ತಿರುಗುವ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಹಾಕಿ. ನೋಡ್ ಕ್ಷಣಕ್ಷಣಕ್ಕೂ ಡಿಸ್ಕಿನ ಅಲ್ಲೊಂದು ಇಲ್ಲೊಂದು ಜಾಗ ಓದುತ್ತದೆ, ಹಳೇ ಡಿಸ್ಕ್ ಅದಕ್ಕೆ ಸುಸ್ತಾಗುತ್ತದೆ. 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಇವತ್ತಿನವರೆಗಿನ ಪೂರ್ತಿ ದಾಖಲೆ 600 ಜಿಬಿ ದಾಟಿದೆ, ಹಾಗಾಗಿ 1 ಟಿಬಿ ತಗೊಳ್ಳಿ. ಅಷ್ಟು ದುಡ್ಡು ಹಾಕೋದು ಬೇಡ ಅಂದರೆ ಪ್ರೂನಿಂಗ್ ಇದೆ. ಆಗಲೂ ಎಲ್ಲ ಬ್ಲಾಕ್ ಇಳಿಯುತ್ತವೆ, ಎಲ್ಲವನ್ನೂ ನೋಡ್ ಪರೀಕ್ಷೆ ಮಾಡುತ್ತದೆ. ಮುಗಿದ ಮೇಲೆ ಹಳೆಯವನ್ನು ಅಳಿಸುತ್ತಾ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಡಿಸ್ಕಿನ ಜಾಗ ಉಳಿಯುತ್ತದೆ, ಇಂಟರ್ನೆಟ್ ಡೇಟಾ ಉಳಿಯೋದಿಲ್ಲ. ನಿಮ್ಮ ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ಎಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಳಿಸುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಶುರು ಮಾಡಲೇಬೇಡಿ.

ಸಾಫ್ಟ್‌ವೇರ್ ಹೆಸರು ಬಿಟ್‌ಕಾಯಿನ್ ಕೋರ್. ಅದರ ಅಧಿಕೃತ ತಾಣದಿಂದಲೇ ಇಳಿಸಿ, ಇಳಿದ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಿಂದಲೇ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಗುರುತು) ಅಲ್ಲಿ ಕೊಟ್ಟಿದ್ದಕ್ಕೆ ಹೊಂದುತ್ತದಾ ನೋಡಿ. ಯಾರನ್ನೂ ನಂಬದೆ ಲೆಕ್ಕ ನೋಡೋಕೆ ಹೊರಟವರು ಪೆನ್‌ಡ್ರೈವ್‌ನಲ್ಲಿ ಗೆಳೆಯ ಕೊಟ್ಟ ಫೈಲ್ ಹಾಕಿಕೊಂಡರೆ ಏನು ಬಂತು, ಅಲ್ವಾ?

ಮೊದಲ ಸಲ ತೆರೆದಾಗ ದಾಖಲೆ ಎಲ್ಲಿಡಬೇಕು, ಎಷ್ಟು ಜಿಬಿಗೆ ಮಿತಿ ಹಾಕಬೇಕು ಅಂತ ಕೇಳುತ್ತದೆ. ಎಸ್‌ಎಸ್‌ಡಿ ತೋರಿಸಿ ಮುಂದೆ ಹೋಗಿ. ಆಮೇಲೆ ಅದರ ಪಾಡಿಗೆ ಬಿಡಿ. ಹಳೇ ಮಷೀನಿಗೆ ಪೂರ್ತಿ ಸಿಂಕ್ ಆಗೋಕೆ, ಅಂದರೆ ಇವತ್ತಿನ ಬ್ಲಾಕಿನವರೆಗೂ ಬಂದು ಮುಟ್ಟೋಕೆ, ದಿನಗಳೇ ಬೇಕಾಗಬಹುದು.

ಈ ಹೊತ್ತಿನಲ್ಲಿ ಒಳಗೆ ನಡೆಯೋದು ನನಗೆ ಇವತ್ತಿಗೂ ಮಜಾ ಅನಿಸುತ್ತದೆ. ನೋಡ್ ಮೊದಲು ಬೇರೆ ನೋಡ್‌ಗಳನ್ನು ಹುಡುಕಿ ಮಾತಾಡಿಸುತ್ತದೆ. ಬ್ಲಾಕುಗಳ ತಲೆಭಾಗ ಮಾತ್ರ ಮೊದಲು ತರಿಸಿಕೊಳ್ಳುತ್ತದೆ. ಒಂದೊಂದು ಬರೀ 80 ಬೈಟ್. ಪ್ರತಿ ತಲೆಭಾಗದಲ್ಲೂ ಹಿಂದಿನ ಬ್ಲಾಕಿನ ಹ್ಯಾಶ್ ಇರುತ್ತದೆ. ಮಧ್ಯೆ ಯಾರಾದರೂ ಒಂದಕ್ಷರ ತಿದ್ದಿದರೂ ಅಲ್ಲಿಂದ ಮುಂದಿನ ಕೊಂಡಿಯೆಲ್ಲ ಕಳಚಿಕೊಳ್ಳುತ್ತದೆ. ಆಮೇಲೆ ಒಂದೊಂದೇ ವ್ಯವಹಾರ: ಕೊಡುತ್ತಿರುವ ಹಣ ನಿಜವಾಗಿ ಇದೆಯಾ? ಅದು ಹಿಂದೆಯೇ ಖರ್ಚಾಗಿದೆಯಾ? ಸಹಿ ಸರಿಯಾ? ಬಂದದ್ದಕ್ಕಿಂತ ಹೋದದ್ದು ಜಾಸ್ತಿ ಆಯ್ತಾ? ಮೈನರ್ ತನ್ನ ಪಾಲಿಗಿಂತ ಹೆಚ್ಚು ಬರೆದುಕೊಂಡನಾ? 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿಗೆ ಹೊಸದಾಗಿ ಹುಟ್ಟೋದು 3.125 ಬಿಟ್‌ಕಾಯಿನ್, ಜೊತೆಗೆ ವ್ಯವಹಾರಗಳ ಶುಲ್ಕ. ಅದಕ್ಕಿಂತ ಒಂದು ಚೂರು ಜಾಸ್ತಿ ಕೇಳಿದರೂ ನೋಡ್ ಆ ಬ್ಲಾಕನ್ನೇ ಬಿಸಾಕುತ್ತದೆ. ಎಷ್ಟೇ ದೊಡ್ಡ ಮೈನರ್ ಆಗಿರಲಿ. ಒಂದು ಮಾತು: ಸಾಫ್ಟ್‌ವೇರ್‌ನಲ್ಲೇ ಗುರುತು ಹಾಕಿಟ್ಟ ಒಂದು ಬ್ಲಾಕಿನವರೆಗಿನ ಸಹಿಗಳ ಪರೀಕ್ಷೆಯನ್ನು ವೇಗಕ್ಕೋಸ್ಕರ ಬಿಟ್ಟು ಹೋಗುತ್ತದೆ. ಅದೂ ಬೇಕು ಅನ್ನುವ ಹಟಮಾರಿಗಳು ಅಸ್ಯೂಮ್‌ವ್ಯಾಲಿಡ್ ಸೆಟ್ಟಿಂಗ್ 0 ಮಾಡಬಹುದು.

ನಿಯಮವೇ ತಪ್ಪಿದ್ದರೆ? ಅದೂ ಆಗಿದೆ. 2010ರ ಆಗಸ್ಟ್ 15ರಂದು 74638ನೇ ಬ್ಲಾಕಿನಲ್ಲಿ ಯಾರೋ 18,400 ಕೋಟಿ ಬಿಟ್‌ಕಾಯಿನ್ ಸೃಷ್ಟಿಸಿದರು. ಒಟ್ಟು ಮಿತಿಯೇ 2.1 ಕೋಟಿ! ಕೂಡಿಸುವ ಕೋಡ್‌ನಲ್ಲೇ ದೋಷವಿತ್ತು, ನೋಡ್‌ಗಳು ಒಪ್ಪಿಕೊಂಡುಬಿಟ್ಟವು. ಕೆಲವೇ ಗಂಟೆಗಳಲ್ಲಿ ತಿದ್ದಿದ ಸಾಫ್ಟ್‌ವೇರ್ ಬಂತು. ಅದನ್ನು ಹಾಕಿಕೊಂಡ ನೋಡ್‌ಗಳು ಆ ಬ್ಲಾಕನ್ನು ತಳ್ಳಿ ಹಾಕಿದವು, ಅದಿಲ್ಲದ ಸರಪಳಿಯೇ ಮುಂದೆ ಬೆಳೆಯಿತು. ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ ಅಂತ ನಾನು ಹೇಳೋದು ಸುಮ್ನೆ ಅಲ್ಲ.

ನಮ್ಮ ಕಡೆ ನಿಜವಾದ ತಲೆನೋವು ಕರೆಂಟ್. ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಗುಡುಗಿದರೆ ಲೈನ್ ಹೋಯ್ತು ಅಂತಲೇ ಲೆಕ್ಕ. ಡೇಟಾಬೇಸ್ ಬರೆಯುತ್ತಿರುವಾಗ ಮಷೀನ್ ಫಕ್ಕನೆ ಆಫ್ ಆದರೆ ಅದು ಕೆಡಬಹುದು, ಮತ್ತೆ ಮೊದಲಿನಿಂದ ಕಟ್ಟಬೇಕು. ಪ್ರೂನ್ ಮಾಡಿದ್ದರೆ ಎಲ್ಲವನ್ನೂ ಹೊಸದಾಗಿ ಇಳಿಸಬೇಕಾಗುತ್ತದೆ. ಅದಕ್ಕೇ ಬ್ಯಾಟರಿ ಇರುವ ಲ್ಯಾಪ್‌ಟಾಪ್ ಅಂದದ್ದು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ಒಂದನ್ನೇ ನಂಬಬೇಡಿ, ಅದು ಬದಲಾಗುವ ಆ ಒಂದು ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು.

ಸಿಂಕ್ ಮುಗಿದ ಮೇಲೆ ಪೀರ್ಸ್ ಪಟ್ಟಿ (ನಿಮ್ಮ ಜೊತೆ ಸಂಪರ್ಕದಲ್ಲಿರುವ ಬೇರೆ ನೋಡ್‌ಗಳು) ತೆರೆದು ನೋಡಿ. ನೀವಾಗಿ ಜೋಡಿಸಿಕೊಂಡ ಸಂಪರ್ಕಗಳು ಸಾಮಾನ್ಯವಾಗಿ 10 ಇರುತ್ತವೆ. ಹೊರಗಿನವರು ನಿಮ್ಮ ಹತ್ತಿರ ಬರಬೇಕಾದರೆ ರೂಟರ್‌ನಲ್ಲಿ 8333 ಪೋರ್ಟ್ ತೆರೆಯಬೇಕು. ಎಷ್ಟೋ ಮನೆ ಕನೆಕ್ಷನ್‌ಗಳಲ್ಲಿ ಒಂದೇ ಐಪಿ ವಿಳಾಸವನ್ನು ಹಲವರಿಗೆ ಹಂಚಿರುತ್ತಾರೆ, ಅಲ್ಲಿ ಇದು ಆಗೋದಿಲ್ಲ. ಚಿಂತೆ ಬೇಡ, ತಪಾಸಣೆಗೆ ಹೊರಹೋಗುವ ಸಂಪರ್ಕವೇ ಸಾಕು. ಬೇಕಾದರೆ ಟಾರ್ ಅನ್ನುವ, ವಿಳಾಸ ಮರೆಮಾಡುವ ಜಾಲದ ಮೂಲಕ ಒಳಬರೋಕೆ ದಾರಿ ಮಾಡಬಹುದು.

ಇನ್ನು ಬಂದ್ ಮಾಡುವಾಗ ಪವರ್ ಬಟನ್ ಒತ್ತಿ ಹಿಡಿಯಬೇಡಿ. ಪ್ರೋಗ್ರಾಂ ಮೆನುವಿನಿಂದಲೇ ಎಕ್ಸಿಟ್ ಕೊಡಿ. ಬಂದ್ ಆಗುತ್ತಿದೆ ಅನ್ನುವ ಚಿಕ್ಕ ಕಿಟಕಿ ಕೆಲವು ಸಲ ನಿಮಿಷಗಟ್ಟಲೆ ನಿಂತಿರುತ್ತದೆ. ಅದು ತಾನಾಗಿ ಹೋದ ಮೇಲೆ ಮಷೀನ್ ಆಫ್ ಮಾಡಿ.