ಕನ್ನಡಿ ಮೇಲೆ ಐಆರ್ ಟಚ್ ಆಗಲ್ಲ ಅಂದರು, ನಮ್ಮನೆಯಲ್ಲಿ ಆಗಿದೆ: ನನ್ನ ಅನುಭವ

ಮನೆಯಲ್ಲೇ ಮಾಡಿದ ಸ್ಮಾರ್ಟ್ ಮಿರರ್‌ಗೆ, ಅಂದರೆ ಹಿಂದೆ ಪರದೆ ಇರೋ ಕನ್ನಡಿಗೆ, ಟಚ್ ಕೂರಿಸಿದ್ದೇನೆ. ಮಲೆನಾಡಿನ ಒಂದು ಮಳೆಗಾಲ ಪೂರ್ತಿ ದಾಟಿ ಇನ್ನೂ ಚೆನ್ನಾಗಿ ಓಡುತ್ತಿದೆ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಶುರು ಮಾಡಿದಾಗ ಒಬ್ಬರೂ ಹೂಂ ಅನ್ನಲಿಲ್ಲ. ಕನ್ನಡಿ ಮುಂದೆ ಐಆರ್ ಫ್ರೇಮ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣದಿಂದ ಬೆರಳು ಗುರುತಿಸೋ ಚೌಕಟ್ಟು) ಇಟ್ಟರೆ ಕಿರಣ ಪ್ರತಿಫಲಿಸಿ ಎಲ್ಲಾ ಗೊಂದಲ ಆಗುತ್ತೆ ಅಂತ ಗೆಳೆಯರು ಅಂದರು. ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯವರು "ಸುಮ್ನೆ ಯಾಕೆ ಸಾರ್, ಟಚ್ ಮಾನಿಟರ್ರೇ ತಗೊಂಡುಬಿಡಿ" ಅಂದರು. ಟಚ್ ಮಾನಿಟರ್ ತಗೊಂಡು ಅದರ ಮೇಲೆ ಗಾಜು ಮುಚ್ಚಿದರೆ ಬೆರಳು ಮುಟ್ಟೋದು ಗಾಜನ್ನು, ಮಾನಿಟರನ್ನಲ್ಲ. ಅಷ್ಟು ಯೋಚನೆ ಮಾಡಿದವರು ಕಮ್ಮಿ.

ನನ್ನ ಸೆಟಪ್ ಎಲ್ಲರದರ ಹಾಗೇ. ಬಿಚ್ಚಿದ 24 ಇಂಚಿನ ಹಳೇ ಮಾನಿಟರ್, ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಕನ್ನಡಿಯಲ್ಲಿ ಪುಟ ತೋರಿಸೋ ಮ್ಯಾಜಿಕ್‌ಮಿರರ್ ಸಾಫ್ಟ್‌ವೇರ್, ಮುಂದೆ ಟೂ-ವೇ ಮಿರರ್ (ಮುಂದಿನಿಂದ ಕನ್ನಡಿ, ಆದರೆ ಹಿಂದಿನ ಪರದೆಯ ಬೆಳಕು ಹಾದು ಕಾಣೋ ಗಾಜು). ಇದರ ಬಗ್ಗೆ ಹೆಚ್ಚು ಹೇಳಲ್ಲ, ಮಾಡಿದವರಿಗೆ ಗೊತ್ತು.

ಮೊದಲು ದುಡ್ಡು ತಿಂದದ್ದು ಕೆಪ್ಯಾಸಿಟಿವ್ ಫಾಯಿಲ್, ಫೋನ್ ಪರದೆಯ ಹಾಗೆ ಬೆರಳಿನ ವಿದ್ಯುತ್ ಗುಣ ಹಿಡಿಯೋ ಹಾಳೆ. ಗಾಜಿನ ಹಿಂದೆ ಅಂಟಿಸಿದರೆ ಮುಂದಿನಿಂದ ಮುಟ್ಟಬಹುದು ಅನ್ನೋ ಸರಕು, ಹೆಚ್ಚು ಕಮ್ಮಿ 7,000 ಆಯಿತು. ಮಾಮೂಲಿ ಕಿಟಕಿ ಗಾಜಿನ ಹಿಂದೆ ಹಿಡಿದು ನೋಡಿದೆ, ಬೆರಳು ಆಡಿಸಿದ ಕಡೆ ಕರ್ಸರ್ ಓಡಿತು. ಟೂ-ವೇ ಗಾಜಿಗೆ ಅಂಟಿಸಿದೆ, ಸದ್ದೇ ಇಲ್ಲ. ಆ ಗಾಜಿನ ಮೇಲೆ ತೆಳುವಾದ ಲೋಹದ ಲೇಪನ ಇರುತ್ತಲ್ಲ, ಅದು ಫಾಯಿಲ್‌ಗೂ ಬೆರಳಿಗೂ ನಡುವೆ ಪರದೆ ಕಟ್ಟಿದ ಹಾಗೆ. ಸೆನ್ಸಿಟಿವಿಟಿ ಎಷ್ಟು ಏರಿಸಿದರೂ ಬರೋದು ಬರೀ ಕಸ ಸಿಗ್ನಲ್. ಲೋಹ ಇಲ್ಲದ ಡೈಎಲೆಕ್ಟ್ರಿಕ್ ಲೇಪನದ ಗಾಜಾದರೆ ಈ ದಾರಿ ನಡೆಯುತ್ತೆ. ಆದರೆ ಅದರ ರೇಟು ಕೇಳಿದ ಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಒಮ್ಮೆ ಅಂಟಿಸಿದ ಫಾಯಿಲ್ ಕಿತ್ತರೆ ಮತ್ತೆ ಕೆಲಸಕ್ಕೆ ಬರಲ್ಲ, ಹಾಗಾಗಿ ಆ ದುಡ್ಡು ಪೂರ್ತಿ ಹೋಯಿತು.

ಆಮೇಲೆ ಬಂದದ್ದು ಐಆರ್ ಫ್ರೇಮ್. 24 ಇಂಚಿನದು, ಯುಎಸ್‌ಬಿ, ಆನ್‌ಲೈನ್‌ನಲ್ಲಿ 5,000ದ ಆಸುಪಾಸು. ಎರಡು ಬದಿಯಲ್ಲಿ ಎಲ್ಇಡಿ, ಎದುರು ಬದಿಯಲ್ಲಿ ರಿಸೀವರ್. ಬೆರಳು ಅಡ್ಡ ಬಂದ ಕಡೆ ಕಿರಣ ಕಡಿಯುತ್ತೆ, ಅಷ್ಟೇ. ಗೆಳೆಯರು ಹೇಳಿದ ಪ್ರತಿಫಲನ ಸುಳ್ಳಲ್ಲ. ಆದರೆ ಕಿರಣ ಹೋಗೋದು ಗಾಜಿಗೆ ಸಮಾನಾಂತರವಾಗಿ, ಎರಡು ಮೂರು ಮಿಲಿಮೀಟರ್ ಮೇಲೆ. ಕನ್ನಡಿಗೆ ತಾಗಿ ಚಿಮ್ಮಿದ ಕಿರಣವೂ ಅದೇ ಸಂದಿಯಲ್ಲೇ ಸಾಗಬೇಕು. ಬೆರಳು ಗಾಜಿಗೆ ತಾಗಿ ನಿಂತರೆ ನೇರ ಬಂದದ್ದನ್ನೂ ತಡೆಯುತ್ತೆ, ಚಿಮ್ಮಿ ಬಂದದ್ದನ್ನೂ ತಡೆಯುತ್ತೆ. ಮೇಜಿನ ಮೇಲೆ ಕನ್ನಡಿ ಮಲಗಿಸಿ, ಫ್ರೇಮ್ ಸುಮ್ನೆ ಮೇಲಿಟ್ಟು ನೋಡಿದ ದಿನವೇ ಇದು ಆಗುತ್ತೆ ಅಂತ ಗೊತ್ತಾಯಿತು.

ನಿಜವಾದ ಕಷ್ಟ ಇದ್ದದ್ದು ಮರಗೆಲಸದಲ್ಲಿ. ಮೊದಲು ಹಾಕಿದ್ದು 3 ಮಿಲಿಮೀಟರ್ ಅಕ್ರಿಲಿಕ್. ಹಿಂದೆ ಮಾನಿಟರ್ ಬಿಸಿಯಾದಂತೆ ಅದು ನಡುವೆ ಉಬ್ಬಿ ಬಂತು. ಆ ಉಬ್ಬೇ ಕಿರಣಕ್ಕೆ ಅಡ್ಡ ಬಂದು, ಯಾರೂ ಮುಟ್ಟದೆ ಪುಟ ತಾನಾಗೇ ತಿರುಗೋದು! ಅಕ್ರಿಲಿಕ್ ತೆಗೆದು 4 ಮಿಲಿಮೀಟರ್ ಗಾಜು ಹಾಕಿಸಿದ ಮೇಲೆ ಆ ಕಾಟ ನಿಂತಿತು. ಟಚ್ ಬೇಕು ಅನ್ನೋರು ಗಾಜೇ ಹಾಕಿ, ಇದರಲ್ಲಿ ಎರಡು ಮಾತಿಲ್ಲ. ಆಮೇಲೆ ಬಿಸಿಲು. ಬೆಳಿಗ್ಗೆ ಪೂರ್ವದ ಕಿಟಕಿಯಿಂದ ಬಿಸಿಲು ಓರೆಯಾಗಿ ರಿಸೀವರ್ ಮೇಲೆ ಬಿದ್ದರೆ ಆ ಬದಿ ಅರ್ಧ ಗಂಟೆ ಕುರುಡು. ತೇಗದ ಚೌಕಟ್ಟಿನ ಒಳ ಅಂಚು ಫ್ರೇಮಿನ ಮೇಲೆ ಸೂರಿನ ಹಾಗೆ ಸ್ವಲ್ಪ ಮುಂದೆ ಚಾಚುವಂತೆ ಬಡಗಿ ಹತ್ತಿರ ಮಾಡಿಸಿದೆ. ಎಷ್ಟು ಚಾಚಬೇಕು ಅನ್ನೋದು ನಿಮ್ಮ ಕಿಟಕಿ ನೋಡಿಕೊಂಡು. ಐಆರ್ ಫ್ರೇಮಿನ ಕಪ್ಪು ಪ್ಲಾಸ್ಟಿಕ್ ಹೊರಗೆ ಒಂದು ಚೂರೂ ಕಾಣದ ಹಾಗೆ, ಆದರೆ ಕಿರಣ ಹಾಯೋ ಹಾಗೆ, ಅಂಚಿಗೆ ಒಂದು ಪಟ್ಟಿ ಹಾಕಿದ್ದೇನೆ. ಅದು ಯಾವ ಸಾಮಾನು ಅಂತ ಇಲ್ಲಿ ಹೇಳಲ್ಲ, ಅದನ್ನು ಹುಡುಕೋಕೆ ನಾನು ಬಹಳ ಅಲೆದಿದ್ದೇನೆ. ನೋಡಿದವರೆಲ್ಲ ಟಚ್ ಎಲ್ಲಿಂದ ಬರ್ತಿದೆ ಅಂತ ಚೌಕಟ್ಟು ತಡಕಾಡುತ್ತಾರೆ. ಇಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದು ನಾನಂತೂ ಬೇರೆ ಕಡೆ ನೋಡಿಲ್ಲ.

ಪೈನಲ್ಲಿ ಓಡೋ ಲಿನಕ್ಸ್‌ನಲ್ಲಿ ಡ್ರೈವರ್ ತಲೆನೋವಿಲ್ಲ, ಚುಚ್ಚಿದ ತಕ್ಷಣ ಟಚ್ ಅಂತ ಗುರುತಿಸುತ್ತೆ. ಪರದೆ ಉದ್ದಕ್ಕೆ ನಿಲ್ಲಿಸಿದಾಗ ಮಾತ್ರ ಮೇಲೆ ಒತ್ತಿದರೆ ಪಕ್ಕದಲ್ಲಿ ಬೀಳುತ್ತೆ. ಯೂಡೆವ್ ರೂಲ್‌ನಲ್ಲಿ (ಚುಚ್ಚಿದ ಸಾಧನಕ್ಕೆ ಲಿನಕ್ಸ್ ಪಾಲಿಸೋ ಸೆಟ್ಟಿಂಗ್ ಫೈಲ್) ಟಚ್ ದಿಕ್ಕು ತಿರುಗಿಸೋ ಕ್ಯಾಲಿಬ್ರೇಷನ್ ಮ್ಯಾಟ್ರಿಕ್ಸ್ 0 1 0 -1 0 1 ಅಂತ ಕೊಡಿ, ಉಲ್ಟಾ ಬಂದರೆ 0 -1 1 1 0 0. ಎರಡರಲ್ಲಿ ಒಂದು ಕೂರುತ್ತೆ. ಹಳೇ ಎಕ್ಸ್‌ಇನ್‌ಪುಟ್ ಕಮಾಂಡ್ ನಂಬಿ ಕೂರಬೇಡಿ, ಪೈನ ಹೊಸ ಓಎಸ್ ವೇಲ್ಯಾಂಡ್ ಅನ್ನೋ ಹೊಸ ಪರದೆ ವ್ಯವಸ್ಥೆಗೆ ಹೋದ ಮೇಲೆ ಅದು ನಡೆಯಲ್ಲ. ಬಟನ್ ದೊಡ್ಡದಿರಲಿ, ಎರಡು ಸೆಂಟಿಮೀಟರ್‌ಗೆ ಕಮ್ಮಿ ಬೇಡ. ಗಾಜಿನ ದಪ್ಪದಿಂದ ಕಾಣೋ ಜಾಗಕ್ಕೂ ಮುಟ್ಟೋ ಜಾಗಕ್ಕೂ ವ್ಯತ್ಯಾಸ ಬಂದೇ ಬರುತ್ತೆ. ಎಲ್ಲಾ ಬಟನ್ ಕೆಳಗಿನ ಸಾಲಿಗೆ ಹಾಕಿದ್ದೇನೆ. ಮುಖ ನೋಡಿಕೊಳ್ಳೋ ಜಾಗದಲ್ಲಿ ಬೆರಳಚ್ಚು ಆದರೆ ಅದು ಕನ್ನಡಿಯಾಗಿ ಉಳಿಯಲ್ಲ, ಅಲ್ವಾ?

ನಡುವೆ ಬೇರೆ ಆಟಗಳೂ ಆದವು. ಕೈ ಬೀಸಿದ್ದು ಗುರುತಿಸೋ ಎಪಿಡಿಎಸ್-9960 ಗೆಸ್ಚರ್ ಸೆನ್ಸರ್ ಗಾಜಿನ ಹಿಂದೆ ಇಟ್ಟರೆ ಅದರ ಬೆಳಕು ಗಾಜಿಗೇ ಹೊಡೆದು ವಾಪಸ್ ಬಂದು ಕಣ್ಣು ಕಟ್ಟುತ್ತೆ. ಚೌಕಟ್ಟಿಗೆ ತೂತು ಕೊರೆದು ಇಟ್ಟಾಗ ಕೈ ಬೀಸಿದ್ದು ಹಿಡಿಯಿತು, ಆದರೆ ತಲೆ ಬಾಚೋಕೆ ಕೈ ಎತ್ತಿದರೂ ಪುಟ ತಿರುಗಿಸುತ್ತಿತ್ತು. ವಾಯ್ಸ್ ಕೂಡ ನೋಡಿದೆ. ನಮ್ಮ ಅಡುಗೆಮನೆ ಪಕ್ಕದಲ್ಲೇ, ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದರೆ ಅದರ ಕಥೆ ಮುಗಿಯಿತು. ಕೈ ಹಿಡಿದದ್ದು 30, 40 ರೂಪಾಯಿಯ ಟಿಟಿಪಿ223 ಅನ್ನೋ ಪುಟ್ಟ ಟಚ್ ಸೆನ್ಸರ್. ಚೌಕಟ್ಟಿನ ಮರವನ್ನು ಹಿಂದಿನಿಂದ ಮೂರು ಮಿಲಿಮೀಟರ್ ಉಳಿಯೋ ಹಾಗೆ ಕೊರೆದು ಒಳಗೆ ಕೂರಿಸಿದೆ. ಈಗ ಬರೀ ಮರ ಮುಟ್ಟಿದರೆ ಪರದೆ ಆನ್, ಆಫ್.

ಮನೆಯವಳು ಹಣೆಯ ಬೊಟ್ಟು ತೆಗೆದು ಕನ್ನಡಿಗೆ ಅಂಟಿಸುತ್ತಾಳೆ, ಎಲ್ಲರ ಮನೆಯಲ್ಲೂ ಇರೋದೇ. ತೆಳು ಸ್ಟಿಕ್ಕರ್ ಬೊಟ್ಟು ಏನೂ ಮಾಡಲ್ಲ, ಕಿರಣ ಅದರ ಮೇಲಿಂದ ಹೋಗುತ್ತೆ. ಹರಳಿನ ಬೊಟ್ಟು ಅಂಟಿಸಿದ ದಿನ ಫ್ರೇಮ್ ಅದನ್ನು ಬೆರಳು ಅಂದುಕೊಂಡು ಬಿಡಲೇ ಇಲ್ಲ. ಈಗ ಬೊಟ್ಟಿಗೆ ಚೌಕಟ್ಟಿನ ಮೇಲೆ ಒಂದು ಗಾಜಿನ ಪಟ್ಟಿ ಇದೆ. ಮೊದಲ ಮಳೆಗೆ ಏಳೋ ರೆಕ್ಕೆ ಹುಳ ಇದಕ್ಕಿಂತ ದೊಡ್ಡ ಕಾಟ. ಬೆಳಕಿಗೆ ಬಂದು ಗಾಜಿನ ಮೇಲೆ ಹರಿದಾಡಿ ಪುಟದ ಮೇಲೆ ಪುಟ ತೆಗೆಯುತ್ತವೆ. 150 ಮಿಲಿಸೆಕೆಂಡಿಗಿಂತ ಕಮ್ಮಿ ಇರೋ ಟಚ್ ಲೆಕ್ಕಕ್ಕೆ ತಗೋಬೇಡ, ಬೆರಳು ಎತ್ತಿದ ಮೇಲೇ ಕೆಲಸ ಮಾಡು ಅಂತ ಕೋಡ್ ಬರೆದೆ. ಮುಕ್ಕಾಲು ಪಾಲು ಕಮ್ಮಿಯಾಯಿತು. ಉಳಿದ ಕಾಲು ಪಾಲಿಗೆ ಆ ಹೊತ್ತಲ್ಲಿ ಪರದೆ ಆಫ್.

ಕರೆಂಟ್ ಹೋಗಿ ಬರೋ ಊರಲ್ಲಿ ಇದ್ದರೆ ಪೈನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ (ಕಾರ್ಡಿಗೆ ಏನೂ ಬರೆಯದ ಹಾಗೆ ಮಾಡೋ ಸೆಟ್ಟಿಂಗ್) ಆನ್ ಮಾಡಿಬಿಡಿ, ಇಲ್ಲದಿದ್ದರೆ ಎಸ್‌ಡಿ ಕಾರ್ಡ್ ಕೆಡಬಹುದು. ಚಾರ್ಜರ್ 3 ಆಂಪಿಯರ್‌ದೇ ಇರಲಿ. ಕರೆಂಟ್ ಬಂದು ಐಆರ್ ಫ್ರೇಮ್ ಏಳುವಾಗ ಅದರ ಮೇಲೆ ಟವೆಲ್ ನೇತಾಡುತ್ತಿರಬಾರದು, ಕಿರಣಕ್ಕೆ ಅಡ್ಡ ಬಂದು ಟಚ್ ಗೊಂದಲ ಆಗುತ್ತೆ.

ಮಾನಿಟರ್ 3,000, ಗಾಜು 3,500, ಐಆರ್ ಫ್ರೇಮ್ 5,000, ಮರ ಮತ್ತು ಮಜೂರಿ 4,000, ಚಿಲ್ಲರೆ ಸಾಮಾನು ಒಂದು ಸಾವಿರ. ಪೈ ಮನೆಯಲ್ಲೇ ಇತ್ತು. ಫಾಯಿಲ್, ಅಕ್ರಿಲಿಕ್ ಎರಡೂ ಸೇರಿ ಹಾಳಾದದ್ದು ಹತ್ತು ಸಾವಿರದ ಹತ್ತಿರ, ಅದನ್ನು ನೀವು ಉಳಿಸಿಕೊಳ್ಳಬಹುದು. ಶಿವಮೊಗ್ಗದಲ್ಲಿ ಅಕ್ಕನ ಮನೆಗೆ ಈಗ 32 ಇಂಚಿನದು ಶುರು ಮಾಡಿದ್ದೇನೆ. ಫ್ರೇಮ್ ಬಂದಿದೆ, ಗಾಜಿಗೆ ಹೇಳಿದ್ದೇನೆ. ಅಲ್ಲಿ ಕನ್ನಡಿ ಕೂರೋ ಕಡೆ ನೇರ ಬಿಸಿಲು ಬೀಳಲ್ಲ, ಆ ಕಾಟ ಇರಲ್ಲ.