ಮಕ್ಕಳನ್ನ ಕರ್ಕೊಂಡು ಫಾರಿನ್‌ಗೆ ಹೊರಟಿದೀರಾ? ಮೊದಲು ಮಗು ತೂಕ ನೋಡಿ

ಟಿಕೆಟ್ ಆಯ್ತು, ವೀಸಾ ಬಂತು, ಸೂಟ್‌ಕೇಸೂ ಕೆಳಗಿಳಿಸಿದ್ರಿ, ಸರಿ, ಮಗುನ ತೂಕದ ಮಷೀನ್ ಮೇಲೆ ನಿಲ್ಸಿದ್ರಾ? ಕೇಳೋಕೆ ಸಣ್ಣ ವಿಷಯ ಅನ್ಸುತ್ತೆ. ಆದ್ರೆ ಜ್ವರದ ಸಿರಪ್ ಇರ್ಲಿ ಮಲೇರಿಯಾ ಮಾತ್ರೆ ಇರ್ಲಿ, ಮಕ್ಕಳ ಡೋಸ್ ಲೆಕ್ಕ ಹಾಕೋದು ಹೆಚ್ಚಾಗಿ ಕೆಜಿ ಮೇಲೆ. ಗೊತ್ತಿಲ್ಲದ ಊರಲ್ಲಿ, ಭಾಷೆ ಬರದ ಡಾಕ್ಟರ್ ಮುಂದೆ ನಡುರಾತ್ರಿ ಮಗುನ ಎತ್ಕೊಂಡು ಕೂತಾಗ ಅವ್ರು ಮೊದಲು ಕೇಳೋ ಪ್ರಶ್ನೆಗಳಲ್ಲಿ ಇದೂ ಒಂದು. ಹೊರಡೋ ವಾರ ತೂಕ ನೋಡಿ, ಒಂದು ಚೀಟಿಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಅದೇ ಚೀಟಿಲಿ ಬ್ಲಡ್ ಗ್ರೂಪ್, ಅಲರ್ಜಿ, ದಿನಾ ತಗೊಳೋ ಔಷಧಿ ಹೆಸ್ರು ಎಲ್ಲಾ ಇರ್ಲಿ. ಔಷಧಿ ಹೆಸ್ರು ಬರೆಯುವಾಗ ಬ್ರ್ಯಾಂಡ್ ಹೆಸ್ರಲ್ಲ, ಒಳಗಿರೋ ಮದ್ದಿನ ಹೆಸ್ರು ಬರೀರಿ, ಯಾಕಂದ್ರೆ ಬ್ರ್ಯಾಂಡ್ ದೇಶದಿಂದ ದೇಶಕ್ಕೆ ಬದಲಾಗತ್ತೆ. ನಾವು ಪ್ಯಾರಾಸಿಟಮಾಲ್ ಅನ್ನೋದನ್ನ ಅಮೆರಿಕದಲ್ಲಿ ಅಸಿಟಮಿನೋಫೆನ್ ಅಂತಾರೆ. ಎರಡೂ ಒಂದೇ, ಅದು ಗೊತ್ತಿಲ್ದೆ ಎರಡನ್ನೂ ಕೊಟ್ಬಿಟ್ರೆ ಡೋಸ್ ಡಬಲ್ ಆಗ್ಹೋಗತ್ತೆ.

ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು ಅಂದ್ರೆ, ಹೊರಡೋಕೆ ಕಡೇ ಪಕ್ಷ 4ರಿಂದ 6 ವಾರ ಮುಂಚೆ. ಕೆಲವು ಲಸಿಕೆ ಎರಡು ಮೂರು ಸಲ ಹಾಕ್ಬೇಕು, ಹಾಕಿದ್ಮೇಲೂ ಮೈಯಲ್ಲಿ ಶಕ್ತಿ ಬರೋಕೆ ದಿನ ಬೇಕು. ಹೊರಡೋ ಹಿಂದಿನ ದಿನ ಓಡಿದ್ರೆ ಡಾಕ್ಟರ್ ತಾನೇ ಏನು ಮಾಡಕ್ಕಾಗತ್ತೆ?

ದಡಾರದ ಬಗ್ಗೆ ತಪ್ದೇ ಕೇಳಿ. ದಡಾರ ಬಂದವ್ರು ರೂಮಿಂದ ಎದ್ದುಹೋದ್ಮೇಲೂ 2 ಗಂಟೆ ತನಕ ವೈರಸ್ ಗಾಳೀಲೇ ಉಳಿಯುತ್ತೆ, ಏರ್‌ಪೋರ್ಟ್‌ನಂಥ ಜಾಗದಲ್ಲಿ ಯಾರು ಎಲ್ಲಿಂದ ಬಂದಿದಾರೋ ಯಾರಿಗೆ ಗೊತ್ತು. ಹಾಗಾಗಿ ವಿದೇಶಕ್ಕೆ ಹೋಗೋ 6ರಿಂದ 11 ತಿಂಗಳ ಕೂಸಿಗೂ ದಡಾರ ತಡೆಯೋ ಎಂಎಂಆರ್ ಲಸಿಕೆ ಒಂದು ಡೋಸ್ ಮುಂಚೆನೇ ಹಾಕಿಸೋಕೆ ಹೇಳ್ತಾರೆ, ಆದ್ರೆ ಇದು ಲೆಕ್ಕಕ್ಕೆ ಬರಲ್ಲ, ವರ್ಷ ತುಂಬಿದ್ಮೇಲೆ ಹಾಕೋ ಎರಡು ಡೋಸ್ ಆಮೇಲೂ ಹಾಕಿಸ್ಲೇಬೇಕು. ಹಳದಿ ಜ್ವರದ ಲಸಿಕೆ ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗೋರಿಗೆ ಬೇಕು. ಸಾಮಾನ್ಯವಾಗಿ 9 ತಿಂಗಳು ತುಂಬಿದ್ಮೇಲೆ ಹಾಕ್ತಾರೆ, ಹಾಕಿಸಿ 10 ದಿನ ಆದ್ಮೇಲೇ ಸರ್ಟಿಫಿಕೇಟ್ ಚಾಲ್ತಿಗೆ ಬರೋದು. 2016ರ ಜುಲೈಯಿಂದ ಆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತೆ, ಹಾಗಾಗಿ ಜೋಪಾನವಾಗಿ ಎತ್ತಿಡಿ. ಟೈಫಾಯ್ಡ್, ಹೆಪಟೈಟಿಸ್ ಎ ಎರಡೂ ಊಟ ನೀರಿಂದ ಬರೋ ಕಾಯಿಲೆ, ಅವಕ್ಕೂ ಲಸಿಕೆ ಇದೆ, ಹೋಗೋ ದೇಶ ನೋಡಿ ಡಾಕ್ಟರ್ ಹೇಳ್ತಾರೆ.

ರೇಬಿಸ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಮಕ್ಕಳು ನಾಯಿ, ಬೆಕ್ಕು, ಕೋತಿ ಕಂಡ್ರೆ ಮುಟ್ಟೋಕೆ ಹೋಗ್ತಾರೆ, ಪರಚಿದ್ರೆ ಬೈತಾರೆ ಅಂತ ಮುಚ್ಚಿಡ್ತಾರೆ. ಹೊರಡೋ ಮುಂಚೆನೇ ಕೂರಿಸ್ಕೊಂಡು ಹೇಳಿ, ಏನೇ ಕಚ್ಚಿದ್ರೂ ಪರಚಿದ್ರೂ ಓಡಿ ಬಂದು ಹೇಳು, ನಾನು ಬಯ್ಯಲ್ಲ ಅಂತ. ಆಮೇಲೆ ನಿಜವಾಗ್ಲೂ ಬಯ್ಬೇಡಿ. ಗಾಯನ ಸೋಪು ನೀರಲ್ಲಿ 15 ನಿಮಿಷ ಗಡಿಯಾರ ನೋಡ್ಕೊಂಡು ತೊಳೀರಿ, ಅವತ್ತೇ ಆಸ್ಪತ್ರೆಗೆ ಹೋಗಿ. ರೋಗ ಒಂದ್ಸಲ ಕಾಣಿಸ್ಕೊಂಡ್ರೆ ಉಳಿಸೋದು ಹೆಚ್ಚುಕಮ್ಮಿ ಆಗದ ಮಾತು, ಆದ್ರೆ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಬಿದ್ರೆ ಪೂರ್ತಿ ತಡೀಬಹುದು.

ಹೊರದೇಶದಲ್ಲಿ ಸೆಟ್ಲ್ ಆಗಿ ಮಕ್ಕಳನ್ನ ಕರ್ಕೊಂಡು ಸ್ವಂತ ದೇಶಕ್ಕೆ ಬರೋರು "ನಮ್ಮವರ ಮನೆಗೇ ಅಲ್ವಾ ಹೋಗ್ತಿರೋದು" ಅಂತ ಇದ್ಯಾವುದನ್ನೂ ಮಾಡಲ್ಲ. ಹೋಟೆಲಲ್ಲಿ ಉಳ್ಕೊಳೋ ಟೂರಿಸ್ಟ್‌ಗಿಂತ ಈ ಮಕ್ಕಳಿಗೇ ಮಲೇರಿಯಾ, ಟೈಫಾಯ್ಡ್ ಅಪಾಯ ಹೆಚ್ಚು, ಯಾಕಂದ್ರೆ ದಿನ ಜಾಸ್ತಿ ಇರ್ತಾರೆ, ಮನೆಯವ್ರು ಕುಡಿಯೋ ನೀರೇ ಕುಡೀತಾರೆ. ನಿಮಗೆ ಅಭ್ಯಾಸ ಇರೋ ನೀರು ನಿಮ್ಮ ಮಗುಗೆ ಹೊಸದು.

ವಿಮಾನದಲ್ಲಿ ಕೂಸು ಅಳೋದು ಹೆಚ್ಚಾಗಿ ಕಿವಿ ನೋವಿಗೆ, ಅದೂ ಇಳಿಯುವಾಗ. ಲ್ಯಾಂಡ್ ಆಗೋಕೆ ಸುಮಾರು ಅರ್ಧ ಗಂಟೆ ಮುಂಚೆನೇ ವಿಮಾನ ಕೆಳಗಿಳಿಯೋಕೆ ಶುರು ಮಾಡತ್ತೆ, ಆಗ ಹಾಲು ಕುಡಿಸಿ, ಇಲ್ಲಾ ನಿಪ್ಪಲ್ ಬಾಯಿಗಿಡಿ, ದೊಡ್ಡ ಮಕ್ಕಳಿಗೆ ಚೀಪೋಕೆ ಏನಾದ್ರೂ ಕೊಡಿ, ನುಂಗ್ತಾ ಇದ್ರೆ ಕಿವಿ ಬಿಟ್ಕೊಳತ್ತೆ. ಮಲಗ್ಲಿ ಅಂತ ಅಲರ್ಜಿ ಸಿರಪ್ ಕುಡಿಸೋದು ಮಾತ್ರ ಬೇಡವೇ ಬೇಡ, ಕೆಲವು ಮಕ್ಕಳಿಗೆ ಅದು ಉಲ್ಟಾ ಹೊಡೆದು ರಾತ್ರಿಯೆಲ್ಲಾ ಕುಣೀತಾರೆ, ಪುಟ್ಟ ಕೂಸುಗಳಿಗೆ ಉಸಿರಾಟಕ್ಕೇ ತೊಂದ್ರೆ ಆಗ್ಬಹುದು. ಔಷಧಿ ಎಲ್ಲಾ ಹ್ಯಾಂಡ್‌ಬ್ಯಾಗಲ್ಲೇ ಇರ್ಲಿ, ಪ್ರಿಸ್ಕ್ರಿಪ್ಷನ್ ಜೊತೆಗೆ. ಹ್ಯಾಂಡ್‌ಬ್ಯಾಗಲ್ಲಿ ನೀರು, ಸಿರಪ್ ಥರದ್ದು 100 ಮಿಲಿ ಮೀರಬಾರದು ಅನ್ನೋ ರೂಲ್ ಇರೋ ಕಡೆ ಕೂಡ ಮಗು ಹಾಲಿಗೆ, ಔಷಧಿಗೆ ಸಾಮಾನ್ಯವಾಗಿ ವಿನಾಯ್ತಿ ಇರತ್ತೆ, ಸೆಕ್ಯೂರಿಟೀಲಿ ನೀವೇ ಮುಂಚೆ ಹೇಳಿ ತೋರ್ಸಿ.

ಈಗ ವಾಂತಿ ಭೇದಿ ವಿಷಯ. ನಮ್ಮ ಮಗಳಿಗೆ ಎರಡು ವರ್ಷ ಇದ್ದಾಗ ಟ್ರಿಪ್‌ನ ಮೂರನೇ ರಾತ್ರಿ ವಾಂತಿ ಶುರುವಾಯ್ತು. ಪಾಪ ಬಾಯಾರಿಕೆ ಅಂತ ಅಳ್ತಿದ್ಲು, ನಾನು ಒಂದೇ ಸಲ ಅರ್ಧ ಲೋಟ ಓಆರ್‌ಎಸ್ ಕುಡಿಸ್ದೆ, ಐದು ನಿಮಿಷದಲ್ಲಿ ಎಲ್ಲಾ ವಾಪಸ್. ಮತ್ತೆ ಕುಡಿಸ್ದೆ, ಮತ್ತೆ ವಾಪಸ್. ಬೆಳಗಿನ ಜಾವ ಅವಳು ಅತ್ರೂ ಕಣ್ಣಲ್ಲಿ ನೀರು ಬರ್ತಿರ್ಲಿಲ್ಲ, ಅದನ್ನ ನೋಡಿ ನನ್ನ ಕೈಕಾಲೇ ಆಡ್ಲಿಲ್ಲ. ಕ್ಲಿನಿಕ್‌ನಲ್ಲಿ ನರ್ಸ್ ಮಾಡಿದ್ದು ಇಷ್ಟೇ, ಹತ್ತು ನಿಮಿಷ ಸುಮ್ನಿದ್ದು ಆಮೇಲೆ ಅದೇ ಓಆರ್‌ಎಸ್‌ನ ಒಂದೊಂದೇ ಟೀ ಚಮಚ, ಒಂದೆರಡು ನಿಮಿಷಕ್ಕೊಂದ್ಸಲ. ಎರಡು ಗಂಟೆ ಹಿಡೀತು, ಆದ್ರೆ ಒಳಗೆ ಉಳೀತು. ಅವತ್ತಿಂದ ನಮ್ಮ ಬ್ಯಾಗಲ್ಲಿ ಓಆರ್‌ಎಸ್ ಜೊತೆ ಒಂದು ಸಣ್ಣ ಚಮಚನೂ ಇರತ್ತೆ.

ಕಲಸುವಾಗ ಪ್ಯಾಕೆಟ್ ಮೇಲೆ ಬರ್ದಿರೋದನ್ನ ಓದಿ. ಒಂದು ಲೀಟರಿನ ಪ್ಯಾಕೆಟ್ ಆದ್ರೆ ಪೂರ್ತಿ ಪ್ಯಾಕೆಟ್, ಪೂರ್ತಿ ಲೀಟರ್ ನೀರು. ಕಾಲು ಪ್ಯಾಕೆಟ್ಟು ಒಂದು ಲೋಟ ಅಂತ ಅಂದಾಜು ಮಾಡ್ಬೇಡಿ, ಉಪ್ಪು ಜಾಸ್ತಿ ಆದ್ರೂ ಕಷ್ಟ ಕಮ್ಮಿ ಆದ್ರೂ ಕಷ್ಟ. ಕಲಸಿದ್ದು 24 ಗಂಟೆ ಆದ್ಮೇಲೆ ಚೆಲ್ಲಿ. ಪ್ರತಿ ಸಲ ನೀರು ನೀರಾಗಿ ಭೇದಿ ಆದಾಗ್ಲೂ 2 ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡವ್ರಿಗೆ 100ರಿಂದ 200 ಮಿಲಿ. ಜ್ಯೂಸ್, ಸೋಡಾ ಬೇಡ, ಅದ್ರಲ್ಲಿರೋ ಸಕ್ಕರೆಗೆ ಭೇದಿ ಇನ್ನೂ ಜಾಸ್ತಿ ಆಗತ್ತೆ. ಎದೆಹಾಲು ನಿಲ್ಲಿಸ್ಲೇಬೇಡಿ. ದೊಡ್ಡವ್ರು ತಗೊಳೋ ಭೇದಿ ನಿಲ್ಲಿಸೋ ಮಾತ್ರೆನ ಮಕ್ಕಳಿಗೆ ಕೊಡ್ಬೇಡಿ, ಆಂಟಿಬಯೋಟಿಕ್ಕೂ ನೀವಾಗೇ ಶುರು ಮಾಡ್ಬೇಡಿ. ಆರು ಗಂಟೆ ಆದ್ರೂ ಉಚ್ಚೆ ಹೊಯ್ದಿಲ್ಲ, ಬಾಯಿ ಒಣಗಿದೆ, ಕಣ್ಣು ಒಳಗೆ ಹೋಗಿದೆ, ಎಬ್ಬಿಸಿದ್ರೂ ಮಂಕಾಗಿದೆ, ಕಕ್ಕದಲ್ಲಿ ರಕ್ತ ಇದೆ, ಇದ್ರಲ್ಲಿ ಯಾವುದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ ಫ್ಯಾರನ್‌ಹೀಟ್ 100.4 ಮುಟ್ಟಿದ್ರೆ ಸಾಕು, ಬೇರೆ ಏನೂ ಇಲ್ದೇ ಇದ್ರೂ ನೇರ ಆಸ್ಪತ್ರೆ.

ಇದೆಲ್ಲಾ ಆಗ್ದೇ ಇರೋಕೆ ನೀರು. ಸೀಲ್ ಇರೋ ಬಾಟಲ್, ಇಲ್ಲಾ ಚೆನ್ನಾಗಿ ಕುದಿ ಬಂದ್ಮೇಲೂ ಒಂದು ನಿಮಿಷ ಕುದಿಸಿದ ನೀರು, 2000 ಮೀಟರ್‌ಗಿಂತ ಎತ್ತರದ ಜಾಗ ಆದ್ರೆ ಮೂರು ನಿಮಿಷ, ಅಲ್ಲಿ ನೀರು ಕಮ್ಮಿ ಬಿಸಿಗೇ ಕುದಿಯುತ್ತೆ. ಜನ ಬಾಟಲ್ ನೀರೇ ಕುಡಿಸ್ತಾರೆ, ಆದ್ರೆ ಹಲ್ಲು ಉಜ್ಜೋಕೆ ನಲ್ಲಿ ನೀರು, ಪಾನೀಯಕ್ಕೆ ಐಸ್, ಅಲ್ಲೇ ಎಡವೋದು. ಸ್ನಾನದಲ್ಲಿ ಪುಟಾಣಿಗಳು ನೀರು ಕುಡಿಯೋದನ್ನೂ ನೋಡ್ಕೊಳ್ಳಿ. ಊಟ ಬಿಸಿಬಿಸಿ ಇರ್ಲಿ, ಹಣ್ಣು ನೀವೇ ಸಿಪ್ಪೆ ತೆಗೆದು ಕೊಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ಒಂದು ಕೆಜಿಗೆ 10ರಿಂದ 15 ಎಂಜಿ, 4ರಿಂದ 6 ಗಂಟೆ ಅಂತರದಲ್ಲಿ, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಡ. ಇಲ್ಲೇ ಆ ಚೀಟಿ ಕೆಲಸಕ್ಕೆ ಬರೋದು. 10 ಕೆಜಿ ಮಗು ಅಂದ್ರೆ ಒಂದು ಸಲಕ್ಕೆ 100ರಿಂದ 150 ಎಂಜಿ. ಅದು ಎಷ್ಟು ಮಿಲಿ ಅನ್ನೋದು ಬಾಟಲ್ ಮೇಲೆ ಹೋಗತ್ತೆ, ಡ್ರಾಪ್ಸ್‌ನಲ್ಲಿ ಮದ್ದು ಗಟ್ಟಿ ಇರತ್ತೆ, ಸಿರಪ್‌ನಲ್ಲಿ ತೆಳು ಇರತ್ತೆ, ಅಲ್ಲಿ ಕೊಂಡ ಹೊಸ ಬಾಟಲ್‌ನ ಹಳೇ ಅಳತೇಲೇ ಕೊಟ್ರೆ ಎಡವಟ್ಟು. ಊರಿಂದ್ಲೇ ಒಂದು ಬಾಟಲ್, ಅಳತೆ ಸಿರಿಂಜ್, ಥರ್ಮಾಮೀಟರ್ ತಗೊಂಡು ಹೋಗಿ. ಆಸ್ಪಿರಿನ್ ಮಕ್ಕಳಿಗೆ ಬೇಡ, ರೇಸ್ ಸಿಂಡ್ರೋಮ್ ಅಂತ ಲಿವರ್, ಮೆದುಳಿಗೆ ಹೊಡೆಯೋ ಕಾಯಿಲೆ ಬರೋ ಅಪಾಯ ಇದೆ. ಡೆಂಗಿ ಇರೋ ಜಾಗದಲ್ಲಿ ಐಬುಪ್ರೊಫೆನ್ನೂ ಬೇಡ, ರಕ್ತಸ್ರಾವದ ಭಯ.

ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚತ್ತೆ, ಮಲೇರಿಯಾದ್ದು ಸಂಜೆಯಿಂದ ಬೆಳಗಿನ ತನಕ, ಅಂದ್ರೆ ದಿನಪೂರ್ತಿ ಹುಷಾರಾಗಿರ್ಬೇಕು. ತುಂಬು ತೋಳಿನ ಬಟ್ಟೆ, ಸೊಳ್ಳೆಪರದೆ. ಡೀಟ್ ಅನ್ನೋ ಸೊಳ್ಳೆ ಓಡಿಸೋ ಮದ್ದು ಇರೋ ಕ್ರೀಮ್ 2 ತಿಂಗಳೊಳಗಿನ ಕೂಸಿಗೆ ಹಚ್ಬೇಡಿ, ಮಿಕ್ಕ ಮಕ್ಕಳಿಗೆ ಶೇಕಡಾ 30 ಮೀರದೇ ಇರ್ಲಿ, ಅಂಗೈಗೆ, ಕಣ್ಣು ಬಾಯಿ ಹತ್ರ ಹಚ್ಬೇಡಿ. ಸನ್‌ಸ್ಕ್ರೀನ್ ಮೊದಲು, ಸೊಳ್ಳೆ ಕ್ರೀಮ್ ಅದರ ಮೇಲೆ. ಮಲೇರಿಯಾ ಬರದಂತೆ ತಡೆಯೋ ಮಾತ್ರೆನೂ ತೂಕದ ಲೆಕ್ಕವೇ. ಕೆಲವನ್ನ ಹೋಗೋ 1–2 ದಿನ ಮುಂಚೆ ಶುರು ಮಾಡಿ ಬಂದ್ಮೇಲೆ 7 ದಿನ ಕೊಡ್ತಾರೆ, ಇನ್ನು ಕೆಲವನ್ನ 2 ವಾರ ಮುಂಚೆ ಶುರು ಮಾಡಿ ಬಂದ್ಮೇಲೆ 4 ವಾರ. ಮನೆಗೆ ಬಂದ್ವಲ್ಲ ಅಂತ ಮಧ್ಯಕ್ಕೇ ನಿಲ್ಲಿಸ್ಬೇಡಿ.

ಇಷ್ಟೆಲ್ಲಾ ಕಾಯಿಲೆ ಬಗ್ಗೆ ಬರೆದ್ರೂ, ಪ್ರವಾಸದಲ್ಲಿ ಮಕ್ಕಳ ಜೀವ ತೆಗೆಯೋದ್ರಲ್ಲಿ ಮೊದಲು ಬರೋದು ರಸ್ತೆ ಅಪಘಾತ, ನೀರಲ್ಲಿ ಮುಳುಗೋದು. ಕಾರ್ ಸೀಟ್ ಜೊತೆಗೆ ಒಯ್ಯಿರಿ ಅಥವಾ ಬಾಡಿಗೆಗೆ ಮುಂಚೆನೇ ಹೇಳಿಡಿ, ಐದೇ ನಿಮಿಷದ ಟ್ಯಾಕ್ಸಿ ಅಂತ ತೊಡೆ ಮೇಲೆ ಕೂರಿಸ್ಕೋಬೇಡಿ, ಗುದ್ದಿದಾಗ ಯಾವ ಕೈಯೂ ಮಗುನ ಹಿಡ್ಕೊಳಕ್ಕಾಗಲ್ಲ. ಹೋಟೆಲ್ ರೂಮಿಗೆ ಕಾಲಿಟ್ಟ ತಕ್ಷಣ ಬಾಲ್ಕನಿ, ಕಿಟಕಿ ಚಿಲಕ ನೋಡಿ. ಪೂಲ್ ಹತ್ರ ಇಂತವ್ರೇ ನೋಡ್ಕೋಬೇಕು ಅಂತ ಒಬ್ಬರನ್ನ ಗೊತ್ತು ಮಾಡಿ, ಅವ್ರ ಕೈಯಲ್ಲಿ ಫೋನ್ ಬೇಡ. ಮುಳುಗೋ ಮಗು ಕೂಗಲ್ಲ, ಸದ್ದಿಲ್ದೇ ಹೋಗ್ಬಿಡತ್ತೆ.

ಇನ್ಶೂರೆನ್ಸ್ ಮಾಡಿಸುವಾಗ ಮಗುಗೆ ಮುಂಚಿನಿಂದ ಇರೋ ಕಾಯಿಲೆ ಕವರ್ ಆಗತ್ತಾ, ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಸಾಗಿಸೋ ಖರ್ಚು ಕೊಡ್ತಾರಾ ಅಂತ ಕೇಳಿ, ಅವ್ರ 24 ಗಂಟೆ ನಂಬರ್‌ನ ಅದೇ ಚೀಟಿ ಹಿಂದೆ ಬರ್ಕೊಳ್ಳಿ.

ವಾಪಸ್ ಬಂದ್ಮೇಲೂ ಆ ಚೀಟಿನ ಬಿಸಾಕ್ಬೇಡಿ, ಹೋದ ದೇಶ, ತಾರೀಖು ಬರೆದಿಡಿ. ಮಲೇರಿಯಾ ಇರೋ ಜಾಗಕ್ಕೆ ಹೋಗಿದ್ರೆ ಬಂದು ತಿಂಗಳುಗಳೇ ಆಗಿದ್ರೂ, ವರ್ಷದೊಳಗೆ ಯಾವಾಗ ಜ್ವರ ಬಂದ್ರೂ, ಡಾಕ್ಟರ್ ಕೇಳ್ದೇ ಇದ್ರೂ ನೀವೇ ಹೇಳಿ ಇಂಥಾ ದೇಶಕ್ಕೆ ಹೋಗಿದ್ವಿ ಅಂತ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.